ಒಳಕ್ಕೆ ಬೆನ್ನು ಮಾಡಿ ಕೂತ ಸಾರಂಗ

ಹಡಗಿನ ಡೆಕ್ಕಿನ ಮೇಲೆ ದುಡಿಯುವ ಖಲಾಸಿಗಳ ಮುಖಂಡನಿಗೆ ಸಾರಂಗ ಎನ್ನುವುದು ಹಳೆಯ ರೂಢಿ. ಹೆಸರು ಕೇಳಿ ಜಿಂಕೆಯನ್ನು ಕಲ್ಪಿಸಿಕೊಂಡು ಬಂದವರಿಗೆ ನಮ್ಮ ಈ ಸಾರಂಗನನ್ನು ಕಂಡರೆ ನಗು ತಡೆಯಲಾಗುತ್ತಿರಲಿಲ್ಲ. ಆನೆಗೆ ಅಣ್ಣನಂತಿದ್ದ ಆಸಾಮಿ. ಅವನು ಏಣಿ ಹತ್ತಿದರೆ ಏಣಿಯೇ ಉಸ್ಸೆನ್ನಬೇಕು. ಆದರೆ ಹಗ್ಗ ಬಿಗಿಯುವುದರಲ್ಲಿ, ತುಕ್ಕು ಹೆರೆಸುವುದರಲ್ಲಿ, ಮೈಗಳ್ಳರ ಕಿವಿ ಹಿಂಡುವುದರಲ್ಲಿ ಅವನನ್ನು ಮೀರಿಸುವವರು ಆ ಹಡಗಿನಲ್ಲಿರಲಿಲ್ಲ. ಬೈಯುವಾಗ ತನ್ನವರು ಪರರು ಎಂಬ ಭೇದವೂ ಇರಲಿಲ್ಲ. ಅದೇ ಹಡಗಿನಲ್ಲಿದ್ದ ಸ್ವಂತ ಭಾಮೈದನಿಗೆ ಎರಡು ಬೈಗುಳ ಹೆಚ್ಚೇ ಸಿಗುತ್ತಿದ್ದವು.

ಈ ಭಾಮೈದ ಹೆಂಡತಿಯ ಕಿರಿಯ ತಮ್ಮ. ಮೀಸೆ ತಿರುವುವ ವಯಸ್ಸು, ಎಲ್ಲರನ್ನೂ ನಗಿಸುವ ಬಾಯಿ. ತಾಯಿ ಬೇಗ ತೀರಿಕೊಂಡಿದ್ದರಿಂದ ಎತ್ತಿ ಆಡಿಸಿ, ಉಣಿಸಿ ಬೆಳೆಸಿದವಳು ಅಕ್ಕನೇ. ತಮ್ಮ ಮೊದಲ ಸಲ ಸಮುದ್ರಕ್ಕೆ ಹೊರಟಾಗ ಅವಳು ಅತ್ತಿರಲಿಲ್ಲ. ಗಂಡನನ್ನು ಅಡುಗೆಮನೆಗೆ ಕರೆದು, "ರೀ, ಇವನನ್ನ ನಿಮ್ಮ ಕೈಗೆ ಹಾಕಿದೀನಿ. ನನಗೆ ಬೇರೆ ಯಾರ ಮಾತೂ ಬೇಡ," ಎಂದಿದ್ದಳು. ಸಾರಂಗ ಹೂಂ ಎಂದಿದ್ದ. ಹೆಂಡತಿಗೆ ಹೂಂ ಎಂದದ್ದನ್ನು ಹಗುರವಾಗಿ ಮರೆಯುವ ಜಾತಿಯವನಲ್ಲ ಅವನು.

ಆ ಸಲ ಹಡಗಿನ ಹೊಟ್ಟೆ ತುಂಬ ಮರದ ದಿಮ್ಮಿ. ಹಸಿ ಮರ ಮುಚ್ಚಿದ ಜಾಗದಲ್ಲಿ ಸುಮ್ಮನೆ ಬಿದ್ದಿರುವುದಿಲ್ಲ. ಅಲ್ಲಿನ ಪ್ರಾಣವಾಯುವನ್ನು ಮೆಲ್ಲಗೆ ಹೀರಿಬಿಡುತ್ತದೆ. ಹೊಗೆಯಿಲ್ಲ, ವಾಸನೆಯಿಲ್ಲ; ಇಳಿದವನು ನಾಲ್ಕು ಉಸಿರಿಗೆ ಕುಸಿಯುತ್ತಾನೆ. ಅದಕ್ಕೇ ಯಂತ್ರವಿಟ್ಟು ಗಾಳಿ ಅಳೆಯದೆ ಯಾರೂ ಒಳಗೆ ಇಳಿಯಕೂಡದು ಎಂಬ ನಿಯಮವಿದೆ. ಪ್ರಾಣಕ್ಕೆ ಅಪಾಯ ಕಂಡ ನಾವಿಕ ಒಲ್ಲೆ ಎನ್ನಬಹುದು, ಹಾಗೆಂದದ್ದಕ್ಕೆ ಅವನಿಗೆ ಶಿಕ್ಷೆ ಕೊಡಕೂಡದು ಎಂದೂ ಇದೆ. ಇದನ್ನೆಲ್ಲ ಅಚ್ಚು ಹಾಕಿಸಿ ಊಟದ ಕೋಣೆಯ ಗೋಡೆಗೆ ಅಂಟಿಸಿದ್ದರು. ಗೋಡೆಗೆ ಕಾನೂನು ಚೆನ್ನಾಗಿಯೇ ಗೊತ್ತಿತ್ತು.

ಬಂದರಿಗೆ ಇನ್ನು ಕೆಲವೇ ಗಂಟೆಯ ದಾರಿಯಿದೆ ಎನ್ನುವಾಗ, ತಳದ ನೀರೆತ್ತುವ ಪಂಪಿಗೆ ಮರದ ತೊಗಟೆ ಸಿಕ್ಕಿಕೊಂಡಿತು. ಯಾರಾದರೂ ಇಳಿದು ಬಿಡಿಸಬೇಕು. ಗಾಳಿ ಅಳೆಯುವ ಯಂತ್ರವೋ ಕೆಟ್ಟು ಕೂತಿತ್ತು. ಹೊಸದು ಬೇಕೆಂದು ಕೇಳಿ ಕೇಳಿ ಸಾಕಾದರೂ ಮಾಲೀಕರ ಕಚೇರಿಯಿಂದ ಯಂತ್ರ ಬರಲಿಲ್ಲ. ಬೇಗ ಬನ್ನಿ, ಬೇಗ ಬನ್ನಿ ಎಂಬ ಫೋನು ಮಾತ್ರ ತಪ್ಪದೆ ಬರುತ್ತಿತ್ತು. ಆ ಫೋನಿನಲ್ಲಿ ಬೆಕ್ಕಿನಂತೆ ಮಾತಾಡಿದ ಕ್ಯಾಪ್ಟನ್, ಡೆಕ್ಕಿಗೆ ಬರುವಾಗ ಹುಲಿಯಾಗಿದ್ದ.

"ಮುಚ್ಚಳ ಬೆಳಗ್ಗೆಯಿಂದ ತೆಗೆದೇ ಇದೆ. ಗಾಳಿ ಆಡಿರುತ್ತೆ. ಒಬ್ಬನನ್ನ ಇಳಿಸು," ಎಂದ.

"ಅಳೀದೆ ಇಳಿಸಲ್ಲ ಸರ್," ಎಂದ ಸಾರಂಗ.

"ನಾನು ಹೇಳ್ತಿದೀನಲ್ಲ."

"ನೀವು ಹೇಳ್ತೀರಿ ಸರ್. ಗಾಳಿ ಹೇಳ್ಬೇಕಲ್ಲ."

ಕ್ಯಾಪ್ಟನ್ನನ ಮುಖ ಕೆಂಪಾಯಿತು. "ನಿನ್ನ ಕಾಂಟ್ರ್ಯಾಕ್ಟ್ ಮುಗಿಯೋಕೆ ಬಂತು. ಮುಂದಿನ ಹಡಗು ಬೇಕೋ ಬೇಡ್ವೋ? ಊಟದ ಹೊತ್ತಿಗೆ ಪಂಪು ಓಡ್ಲಿಲ್ಲ ಅಂದ್ರೆ ನಿನ್ನ ಹೆಸರೇ ಹೊಡೆದುಹಾಕಿಸ್ತೀನಿ."

ಪಕ್ಕದಲ್ಲೇ ಕಂಬಿಗೆ ಬಣ್ಣ ಬಳಿಯುತ್ತಿದ್ದ ಭಾಮೈದ ಇದನ್ನೆಲ್ಲ ಕೇಳಿಸಿಕೊಂಡ. ಸಾರಂಗ ಅವನತ್ತ ನೋಡಲಿಲ್ಲ. ಕ್ಯಾಪ್ಟನ್ನನ ನಂತರದವನಾದ ಚೀಫ್ ಆಫೀಸರಿಗೆ ವಿಷಯ ತಿಳಿಸೋಣವೆಂದು ಸರಸರ ನಡೆದುಬಿಟ್ಟ. ಭಾಮೈದನಿಗೆ ಒಂದು ಮಾತು ಹೇಳಿ ಹೋಗಬೇಕಿತ್ತು. ಸಿಟ್ಟಿನಲ್ಲಿದ್ದವನಿಗೆ ಹೊಳೆಯಲಿಲ್ಲ.

ಚೀಫ್ ಆಫೀಸರನ ಕೋಣೆಯ ಬಾಗಿಲು ತಟ್ಟುತ್ತಿರುವಾಗಲೇ ಡೆಕ್ಕಿನಿಂದ ಭಂಡಾರಿಯ ಕೂಗು ಕೇಳಿಸಿತು. ಭಂಡಾರಿ ಎಂದರೆ ಹಡಗಿನ ಅಡುಗೆಯವನು. ಭಾಮೈದನ ಜೀವದ ಗೆಳೆಯ. ಸಾರಂಗ ಓಡಿದ. ಆ ದೇಹ ಓಡುವುದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಬಣ್ಣದ ಕುಂಚ ಡಬ್ಬಿಯ ಮೇಲೆ ಅಡ್ಡ ಬಿದ್ದಿತ್ತು. ಹಡಗಿನ ಹೊಟ್ಟೆಗೆ ಇಳಿಯಲು ಡೆಕ್ಕಿನಲ್ಲಿ ಒಬ್ಬ ಮನುಷ್ಯ ತೂರುವಷ್ಟೇ ಅಗಲದ ಬಾಯಿ. ಅದರೊಳಗೆ ಕಬ್ಬಿಣದ ಏಣಿ. ಭಂಡಾರಿ ಒಳಕ್ಕೆ ಟಾರ್ಚಿನ ಬೆಳಕು ಬಿಟ್ಟ. ಏಣಿಯ ಅರ್ಧ ದಾರಿಯಲ್ಲಿ ಕಾಲೂರಲು ಮಾಡಿದ್ದ ಕಬ್ಬಿಣದ ಕಟ್ಟೆಯ ಮೇಲೆ ಭಾಮೈದ ಬೋರಲಾಗಿ ಬಿದ್ದಿದ್ದ. ಒಂದು ಕೈ ಕಟ್ಟೆಯಿಂದಾಚೆ ಜೋತಾಡುತ್ತಿತ್ತು.

"ಭಾವನ ಕೆಲಸ ಹೋಗಬಾರ್ದು, ಎರಡು ನಿಮಿಷದಲ್ಲಿ ಬಂದೆ ಅಂದ. ತಡೆಯೋಷ್ಟರಲ್ಲಿ ಇಳಿದ," ಎಂದು ಬಿಕ್ಕುತ್ತ ಭಂಡಾರಿ ಏಣಿಗೆ ಕಾಲಿಟ್ಟ.

ಇಲ್ಲೇ ನೋಡಿ, ಈ ಕಸುಬಿನವರು ಮಾಡುವ ತಪ್ಪು. ಹಡಗಿನಲ್ಲಿ ಜೊತೆಗಾರ ಬಿದ್ದರೆ ಕಾಲು ತಾನಾಗಿ ಅತ್ತ ಓಡುತ್ತದೆ. ಎತ್ತಲು ಹೋದವನು ಬಿದ್ದವನ ಮೇಲೇ ಬೀಳುತ್ತಾನೆ, ಅವನನ್ನೆತ್ತಲು ಇನ್ನೊಬ್ಬ. ತಿಂಗಳು ತಿಂಗಳೂ ತಾಲೀಮಿನಲ್ಲಿ "ಕೂಗ್ತೀವಿ, ಇಳಿಯಲ್ಲ" ಎಂದು ಗಿಣಿಪಾಠ ಒಪ್ಪಿಸಿದವರೇ ಇಳಿಯುತ್ತಾರೆ. ಹೇಡಿತನದಿಂದ ಸತ್ತವರಲ್ಲ ಅವರು, ಪ್ರೀತಿಯಿಂದ ಸತ್ತವರು. ಸಾವಿಗೆ ಎರಡೂ ಒಂದೇ.

ಸಾರಂಗ ಭಂಡಾರಿಯ ಕಾಲರಿಗೆ ಕೈ ಹಾಕಿ, ಮೇಲಕ್ಕೆಳೆದು ದೂರ ತಳ್ಳಿದ. ಆಮೇಲೆ ಅವನ ಕೈಯೇ ಏಣಿಯ ಮೇಲಿನ ಕಂಬಿಯನ್ನು ಹಿಡಿಯಿತು. ಒಂದು ಕಾಲು ಒಳಗೂ ಹೋಗಿತ್ತು. ಕೆಳಗಿಂದ ಗೊರಗೊರ ಸದ್ದು ಬರುತ್ತಿತ್ತು, ಗಂಟಲಿನದು. ಮೆಟ್ಟಿಲಿಳಿದು ಹೋಗಿ ಹೆಗಲಿಗೆ ಹಾಕಿಕೊಂಡು ಬಂದುಬಿಡಬಹುದು ಅನ್ನಿಸುವಷ್ಟು ಹತ್ತಿರ. ಅವನು ಕಾಲನ್ನು ಹೊರಗೆಳೆದುಕೊಂಡ. ಬಾಯಿಯ ಅಂಚಿನ ಮೇಲೆ, ಒಳಕ್ಕೆ ಬೆನ್ನು ಮಾಡಿ, ಎರಡೂ ಕೈ ಚಾಚಿ ಕೂತುಬಿಟ್ಟ. ಮುಖ ಮಾಡಿ ಕೂತಿದ್ದರೆ ಇಳಿದೇಬಿಡುತ್ತಿದ್ದೆ ಎಂದು ಆಮೇಲೆ ಒಮ್ಮೆ ಹೇಳಿದ್ದಾನೆ.

"ಉಸಿರಿನ ಸಿಲಿಂಡರ್ ತನ್ನಿ! ಚೀಫ್ ಆಫೀಸರನ್ನ ಕರೀರಿ! ಗಾಳಿ ಪೈಪು ಎಳೀರಿ!" ಎಂದು ಅರಚಿದ.

ಕೂಗು ಕೇಳಿ ಸೇರಿದ್ದ ಖಲಾಸಿಗಳಲ್ಲಿ ಇಬ್ಬರು ಓಡಿದರು. ಉಳಿದವರು ಅವನ ಮೇಲೆ ಬಿದ್ದರು.

"ಸದ್ದು ಕೇಳಿಸ್ತಿಲ್ವಾ? ಬದುಕಿದಾನೆ! ಬಿಡು ನನ್ನ!" ಭಂಡಾರಿ ಅವನ ಎದೆಗೆ ಗುದ್ದಿದ, ಮುಖಕ್ಕೆ ಗುದ್ದಿದ. "ನೀನು ಭಾವನೋ ಯಮನೋ?"

ಸಾರಂಗನ ಮೂಗಿನಿಂದ ರಕ್ತ ಸುರಿಯಿತು. ಒರೆಸಿಕೊಳ್ಳಲು ಕೈ ಎತ್ತಿದರೆ ಆ ಸಂದಿಯಲ್ಲಿ ಯಾರಾದರೂ ನುಸುಳಿಯಾರು ಎಂದು ಕೈ ಎತ್ತಲಿಲ್ಲ. ಯಾರೋ ತಂದ ಗಾಳಿ ಪೈಪನ್ನು ಅವನ ಸೊಂಟದ ಪಕ್ಕದಿಂದಲೇ ಒಳಕ್ಕೆ ಇಳಿಬಿಟ್ಟರು. ಬೆನ್ನ ಹಿಂದೆ ಗೊರಗೊರ ಸದ್ದು ನಿಧಾನವಾಗುತ್ತ ಬಂತು. ನಿಂತಿತು. ಮತ್ತೆ ಬಂತು. ಅದು ನಿಂತಾಗಲೆಲ್ಲ ಅಡುಗೆಮನೆಯಲ್ಲಿ ನಿಂತ ಹೆಂಡತಿ ಕಣ್ಣ ಮುಂದೆ ಬರುತ್ತಿದ್ದಳು. ಅವನು ಅಳುತ್ತಿದ್ದ, ಆದರೆ ಜರುಗಲಿಲ್ಲ.

ಚೀಫ್ ಆಫೀಸರ್ ಬೆನ್ನಿಗೆ ಸಿಲಿಂಡರ್ ಕಟ್ಟಿ, ಮುಖವಾಡ ಬಿಗಿದು, ಸೊಂಟಕ್ಕೆ ಹಗ್ಗ ಹಾಕಿಕೊಂಡು ಬಂದ ಮೇಲೆಯೇ ಸಾರಂಗ ಪಕ್ಕಕ್ಕೆ ಸರಿದದ್ದು. ಹಗ್ಗದ ಇನ್ನೊಂದು ತುದಿ ಅವನ ಕೈಯಲ್ಲೇ ಇತ್ತು. ಭಾಮೈದನನ್ನು ಎಳೆದು ಮಲಗಿಸಿದಾಗ ತುಟಿ ನೀಲಿಗಟ್ಟಿತ್ತು, ಎದೆ ಮಾತ್ರ ಎಲ್ಲೋ ಒಂದಿಷ್ಟು ಮಿಡುಕುತ್ತಿತ್ತು. ಬಂದರಿನಿಂದ ದೋಣಿ ಬಂದು ಆಸ್ಪತ್ರೆಗೆ ಒಯ್ದಿತು.

ಹಡಗು ಬಂದರಿನ ದಕ್ಕೆಗೆ ತಾಗಿದ ಮೇಲೆ ತಪಾಸಣೆಯ ಅಧಿಕಾರಿಣಿ ಹತ್ತಿ ಬಂದಳು. ಅದಕ್ಕೆ ಮೊದಲೇ ಕ್ಯಾಪ್ಟನ್ ಸಾರಂಗನನ್ನು ಮೂಲೆಗೆ ಕರೆದು, "ಹುಡುಗ ಹೇಳದೆ ಕೇಳದೆ ತಾನಾಗಿ ಇಳಿದ ಅನ್ನು. ಅದು ಸುಳ್ಳೇನೂ ಅಲ್ವಲ್ಲ. ನಿನ್ನ ಮುಂದಿನ ಹಡಗಿಗೆ ನಾನು ಹೊಣೆ," ಎಂದಿದ್ದ. ಬೇಕೆಂದೇ ನಿಯಮ ಮೀರಿ ಪೆಟ್ಟು ಮಾಡಿಕೊಂಡವನ ಔಷಧಿ, ಸಂಬಳ ಯಾವುದಕ್ಕೂ ಮಾಲೀಕರು ಹೊಣೆಯಲ್ಲ ಎಂದು ಕಾನೂನಿನಲ್ಲಿ ಒಂದು ಸಂದಿಯಿದೆ. ಕ್ಯಾಪ್ಟನ್ ಹುಡುಗನನ್ನು ಆ ಸಂದಿಗೆ ತುರುಕಲು ನೋಡುತ್ತಿದ್ದ.

"ಇಳಿಯೋಕೆ ಯಾರಾದ್ರೂ ಹೇಳಿದ್ರಾ?" ಎಂದು ಅಧಿಕಾರಿಣಿ ಕೇಳಿದಳು. ಸಾಲಾಗಿ ನಿಂತವರು ತಮ್ಮ ತಮ್ಮ ಬೂಟು ನೋಡಿಕೊಂಡರು. ಎಲ್ಲರಿಗೂ ಮನೆಯಿದೆ, ಎಲ್ಲರಿಗೂ ಮುಂದಿನ ಹಡಗು ಬೇಕು.

"ನನಗೆ ಹೇಳಿದ್ರು ಮೇಡಂ, ಯಾರನ್ನಾದ್ರೂ ಇಳಿಸು ಅಂತ," ಎಂದ ಸಾರಂಗ, ಊದಿದ ಮೂಗಿನಲ್ಲಿ. "ನಾನು ಒಲ್ಲೆ ಅಂದೆ. ಹೆಸರು ಹೊಡೆದುಹಾಕಿಸ್ತೀನಿ ಅಂದ್ರು. ಅದನ್ನ ಕೇಳಿ ಅವನು ಇಳಿದ. ನನ್ನ ಕೆಲಸ ಉಳಿಸೋಕೆ ಇಳಿದ."

ಭಂಡಾರಿ ತಲೆ ತಗ್ಗಿಸಿಕೊಂಡೇ, "ಹೌದು ಮೇಡಂ, ಭಾವನ ಕೆಲಸ ಹೋಗಬಾರ್ದು ಅಂತ ನನಗೆ ಹೇಳೇ ಇಳಿದ," ಎಂದ.

ಆಸ್ಪತ್ರೆಯ ಖರ್ಚು ಮಾಲೀಕರ ತಲೆಗೇ ಬಂತು. ಸಾರಂಗನನ್ನು ಮಾತ್ರ ಆಮೇಲೆ ಯಾವ ಹಡಗೂ ಕರೆಯಲಿಲ್ಲ. ನಿಜ ನುಡಿದವನನ್ನು ಶಿಕ್ಷಿಸಕೂಡದು ಎನ್ನುತ್ತದೆ ಕಾನೂನು. ಮತ್ತೆ ಕರೆಯಲೇಬೇಕು ಎಂದು ಎಲ್ಲಿಯೂ ಹೇಳುವುದಿಲ್ಲ.

ಕಚೇರಿಯವರು ಅವನೊಬ್ಬನಿಗೇ ಊರಿನ ಟಿಕೆಟ್ಟು ಕಳಿಸಿದರು. ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಅವನು ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದ. ಒಳಗೆ ಭಾಮೈದ ಕಣ್ಣು ಬಿಟ್ಟಿದ್ದ. ಮಾತು ಇನ್ನೂ ಬಂದಿರಲಿಲ್ಲ. ಬರುತ್ತದೋ ಇಲ್ಲವೋ ನೋಡೋಣ ಎಂದಿದ್ದರು ಡಾಕ್ಟರು. ಆಗ ಹೆಂಡತಿಯ ಫೋನು ಬಂತು.

"ರೀ, ಭಂಡಾರಿ ಎಲ್ಲಾ ಹೇಳಿದ. ಯಾರನ್ನೂ ಇಳಿಯೋಕೆ ಬಿಡ್ಲಿಲ್ವಂತೆ ನೀವು."

"ಹೂಂ."

"ನೀವೂ ಇಳೀಲಿಲ್ಲ."

"ಇಲ್ಲ."

"ಒಳಗೆ ನಾನು ಬಿದ್ದಿದ್ರೆ?"

ಹೆಂಡತಿಗೆ ಸುಳ್ಳು ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಯಾವ ಗಂಡನಿಗೂ ಸಿಗಲಾರದು.

"ಕೂತೇ ಇರ್ತಿದ್ದೆ ಕಣೆ," ಎಂದ.

ಫೋನಿಟ್ಟಳೇನೋ ಎಂದುಕೊಂಡ. ಇಟ್ಟಿರಲಿಲ್ಲ, ಅಳುತ್ತಿದ್ದಳು.

"ಅವನನ್ನ ಕರ್ಕೊಂಡೇ ಬನ್ನಿ," ಎಂದಳು ಕೊನೆಗೆ. "ಒಬ್ರೇ ಬರ್ಬೇಡಿ."