ಗಿಲ್‌ಸು ಅವರ ಹದಿನಾಲ್ಕು ಸೆಕೆಂಡು

2019ರ ಮೇ 11, ಶನಿವಾರ, ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಒಸಾಕದ ಟೆಲಿವಿಷನ್ ಕೇಂದ್ರವೊಂದು ಹ್ಯೊನ್ ಗಿಲ್‌ಸು ಎಂಬುವರನ್ನು ಅವರು ಹುಟ್ಟಿದ ಊರಿನಿಂದ ಹೊರಗೆ ಹಾಕಿತು. ಅದಕ್ಕಾಗಿ ಕೇಂದ್ರದವರು ಕತ್ತರಿಸಿದ್ದು ಹದಿನಾಲ್ಕು ಸೆಕೆಂಡಿನ ಮಾತು. ಅಂಟಿಸಿದ್ದು ಒಂದೇ ಒಂದು ಸಾಲು.

ಗಿಲ್‌ಸು ಒಸಾಕದ ಇಕುನೊ ವಾರ್ಡಿನವರು. ನಲವತ್ತೊಂದು ವರ್ಷ ಚಪ್ಪಲಿಯ ಅಟ್ಟೆಗೆ ಅಂಟು ಹಚ್ಚಿ ನಿವೃತ್ತರಾದವರು. ತಂದೆತಾಯಿ ಕೊರಿಯಾದ ಜೆಜು ದ್ವೀಪದಿಂದ ಹಡಗು ಹತ್ತಿ ಬಂದವರು ನಿಜ. ಮಗ ಆ ದ್ವೀಪವನ್ನು ಕಂಡದ್ದು ಜೀವಮಾನದಲ್ಲಿ ನಾಲ್ಕು ದಿನ. ಅವರಿದ್ದ ಬೀದಿಯ ಎಷ್ಟೋ ಕೊರಿಯನ್ ಮನೆಗಳಲ್ಲಿರುವಂತೆ ಅವರಿಗೂ ಎರಡು ಹೆಸರು. ಮನೆಯೊಳಗೆ ಹ್ಯೊನ್ ಗಿಲ್‌ಸು. ಶಾಲೆಗೆ, ಕಾರ್ಖಾನೆಗೆ, ದವಾಖಾನೆಯ ಚೀಟಿಗೆ ಕುರೊಯಾಮ ಎಂಬ ಜಪಾನೀ ಹೆಸರು. ಬೀದಿಯವರಿಗೆ ವಿಷಯ ಗೊತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ.

'ಅರ್ಧ ದಿನದ ಅಂಗಡಿ' ಎಂಬ ನಗೆನಾಟಕ ಆ ಕೇಂದ್ರದಿಂದ ಪ್ರತಿ ಶನಿವಾರ ಮಧ್ಯಾಹ್ನ ಬರುತ್ತದೆ. ಕೋಸಿನ ರೊಟ್ಟಿ ಸುಡುವ ಒಂದು ಅಂಗಡಿ, ಅದರೊಳಗೆ ಏಳು ಮಂದಿ ನಟರು. 1969ರಲ್ಲಿ ಅದು ಶುರುವಾದಾಗ ಗಿಲ್‌ಸು ಅವರಿಗೆ ಹದಿನೆಂಟು. ಅಂದಿನಿಂದ ಒಂದು ವಾರವೂ ತಪ್ಪಿಸದೆ ನೋಡಿದರು. ನೋಡಿದ ಮೇಲೆ ಪ್ರತಿ ಸಲ ಕೇಂದ್ರಕ್ಕೆ ಒಂದು ಕಾರ್ಡು ಬರೆದರು. ಅಂಗಡಿಯ ಗಡಿಯಾರ ಎರಡು ಕಂತಿನಿಂದ ನಿಂತಿದೆ ಎಂದೋ, ಸತ್ತುಹೋದ ಅತ್ತೆ ಮತ್ತೆ ಫೋನು ಮಾಡಿದ್ದು ಹೇಗೆ ಎಂದೋ. ಎರಡು ಸಾವಿರಕ್ಕೂ ಮಿಕ್ಕಿ ಬರೆದ ಕಾರ್ಡುಗಳಲ್ಲಿ ಕೇಂದ್ರದವರು ಪ್ರಸಾರದಲ್ಲಿ ಓದಿ ಹೇಳಿದ್ದು ಹನ್ನೊಂದು. ಎಲ್ಲವೂ ಕುರೊಯಾಮನ ಹೆಸರಿನಲ್ಲಿ.

ಆ ನಾಟಕಕ್ಕೊಂದು ಪದ್ಧತಿಯುಂಟು. ಯಾರಾದರೂ ತಾಳಲಾರದಂಥ ಹಾಸ್ಯದ ಮಾತಾಡಿದರೆ ಏಳೂ ಮಂದಿ ಒಮ್ಮೆಗೇ ದೊಪ್ಪನೆ ನೆಲಕ್ಕೆ ಬೀಳುತ್ತಾರೆ. ಮೊದಲು ಯಾರ ಮೊಣಕಾಲು ಮಡಿಯುತ್ತದೆ, ಕೊನೆಗೆ ಯಾರ ಟೋಪಿ ಉರುಳುತ್ತದೆ ಎಂಬುದು ಗಿಲ್‌ಸು ಅವರಿಗೆ ಬಾಯಿಪಾಠ. ತನ್ನ ಮಾತಿಗೊಮ್ಮೆ ಆ ಏಳು ಮಂದಿ ಬೀಳಬೇಕು; ಐವತ್ತು ವರ್ಷಗಳಲ್ಲಿ ಅವರಿಗಿದ್ದ ಆಸೆ ಅದೊಂದೇ.

ಐವತ್ತನೆಯ ವರ್ಷಕ್ಕೆ ಹಳೆಯ ಅಭಿಮಾನಿಗಳನ್ನು ವೇದಿಕೆಗೆ ಕರೆಯುತ್ತೇವೆ, ಕಾರ್ಡು ಬರೆಯಿರಿ ಎಂದು ಕೇಂದ್ರ ಸಾರಿತು. ಗಿಲ್‌ಸು ಮೊದಲ ಬಾರಿಗೆ ನಿಜವಾದ ಹೆಸರು ಬರೆದರು. ಹೆಂಡತಿ ಮ್ಯೊಂಗ್‌ಜಾ ಹೊಲಿಗೆ ನಿಲ್ಲಿಸಿ ಕಾರ್ಡನ್ನು ನೋಡಿದರು.

"ಈ ವಯಸ್ಸಲ್ಲಿ ಯಾಕ್ರೀ ಇದೆಲ್ಲ? ಕುರೊಯಾಮ ಅಂತ ಬರೆದ್ರೆ ಯಾರೂ ಏನೂ ಕೇಳಲ್ಲ."

"ಐವತ್ತು ವರ್ಷದ ಸ್ನೇಹಿತರ ಮನೆಗೆ ಹೋಗ್ತಿದೀನಿ ಕಣೆ. ಮುಖ ಮುಚ್ಕೊಂಡು ಹೋಗ್ಲಾ?"

ಏಪ್ರಿಲ್ 23ರಂದು ಚಿತ್ರೀಕರಣ. ಅಂಗಡಿಯ ಯಜಮಾನನ ಪಾತ್ರಧಾರಿ ಅವರ ಹೆಸರು ಓದಿದ, ಇಂಥ ಹೆಸರು ಕಂಡವರೆಲ್ಲ ಕೇಳುವ ಪ್ರಶ್ನೆಯನ್ನೇ ಕೇಳಿದ: "ಜಪಾನಿಗೆ ಯಾವಾಗ ಬಂದ್ರಿ ಸ್ವಾಮಿ?"

"ಸಾವಿರದ ಒಂಬೈನೂರ ಐವತ್ತೊಂದು, ಫೆಬ್ರವರಿ ಹದಿನೇಳು," ಎಂದರು ಗಿಲ್‌ಸು. "ಅವ್ವನ ಹೊಟ್ಟೆಯಿಂದ ನೇರವಾಗಿ ಇಕುನೊಗೆ. ಅವಸರದಲ್ಲಿ ಪಾಸ್‌ಪೋರ್ಟು ಒಳಗೇ ಬಿಟ್ಟುಬಂದೆ."

ಏಳೂ ಮಂದಿ ಬಿದ್ದರು. ಟೋಪಿ ಗಿಲ್‌ಸು ಅವರ ಪಾದದ ಬಳಿ ಉರುಳಿ ಬಂತು. ಎರಡನೆಯ ಸಾಲಿನಲ್ಲಿ ಕುಳಿತಿದ್ದ ಮ್ಯೊಂಗ್‌ಜಾ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಪ್ರಸಾರದ ದಿನ ಕ್ಷೌರಿಕ ನಿಶಿವಾಕಿ ಬೀದಿಯವರನ್ನೆಲ್ಲ ತನ್ನ ಅಂಗಡಿಗೆ ಕರೆದು ಕೂರಿಸಿದ್ದ. ಪರದೆಯ ಮೇಲೆ ಪ್ರಶ್ನೆ ಬಂತು. "ಸಾವಿರದ ಒಂಬೈನೂರ ಐವತ್ತೊಂದು" ಎಂಬ ಉತ್ತರವೂ ಬಂತು. ಅಷ್ಟಕ್ಕೇ ಕತ್ತರಿ. ಮುಖದ ಕೆಳಗೆ ಹಳದಿ ಅಕ್ಷರ: 'ಕೊರಿಯಾದಿಂದ ಬಂದ ವಿದೇಶಿ ಅಭಿಮಾನಿ'. ಏಳು ಮಂದಿ ಬಿದ್ದರು, ಬೀಳದೆ ಇಲ್ಲ; ಆದರೆ ಆ ಬೀಳುವಿಕೆಯನ್ನು ಮೂರು ನಿಮಿಷದ ಆಚೆ, ಯಜಮಾನನ ಯಾವುದೋ ಸಪ್ಪೆ ಮಾತಿನ ಹಿಂದೆ ಅಂಟಿಸಿದ್ದರು. ಟೋಪಿ ಉರುಳಿ ಹೋಗಿ ತಾಕಿದ ಬೂದುಬಣ್ಣದ ಬೂಟು ಗಿಲ್‌ಸು ಅವರದೇ.

ನಿಶಿವಾಕಿ ಟಿವಿಯ ಸದ್ದು ತಗ್ಗಿಸಿದ. "ಅಲ್ಲ ಕುರೊಯಾಮಣ್ಣ, ಮೂವತ್ತು ವರ್ಷದಿಂದ ನಿನ್ನ ತಲೆ ನನ್ನ ಕೈಯಲ್ಲಿದೆ. ಪರದೇಶದ ತಲೆ ಅಂತ ಗೊತ್ತೇ ಆಗ್ಲಿಲ್ಲ ನೋಡು" ಎಂದ. ಅದು ಸ್ನೇಹದ ಮಾತು, ನೋಯಲಿಲ್ಲ. ನೋಯಿಸಿದ್ದು ಎರಡು ವರ್ಷದ ಹಿಂದಷ್ಟೇ ಬಾಡಿಗೆಗೆ ಬಂದಿದ್ದ ಮೇಲಿನ ಮನೆಯ ಹೆಂಗಸು. ಅಂದಿನಿಂದಲೂ ಕಸ ಇಡುವ ಜಾಗಕ್ಕಾಗಿ ಗಿಲ್‌ಸು ಅವರೊಡನೆ ಅಚ್ಚ ಒಸಾಕದ ಬೈಗುಳದಲ್ಲಿ ಜಗಳವಾಡಿದ್ದ ಆಕೆ ಈಗ ತಲೆಬಾಗಿಸಿ, ನಿಧಾನವಾಗಿ, ಪದ ಪದ ಬಿಡಿಸಿ ಹೇಳಿದಳು: "ಜಪಾನೀ ಭಾಷೆ ಎಷ್ಟು ಚೆನ್ನಾಗಿ ಕಲ್ತಿದ್ದೀರಿ!"

ಸೋಮವಾರ ಗಿಲ್‌ಸು ಕೇಂದ್ರಕ್ಕೆ ಫೋನು ಮಾಡಿದರು. ತೊರಿಗೊಯೆ ಎಂಬ ಸಹಾಯಕ ನಿರ್ದೇಶಕ ಬಹಳ ವಿನಯದಿಂದ ಕಾರಣಗಳನ್ನು ಕೊಟ್ಟ. ಸಮಯ ಸಾಲದೆ ಮೊಟಕು ಮಾಡಿದ್ದಂತೆ. ಪರದೇಶದವರೂ ನಮ್ಮನ್ನು ಮೆಚ್ಚುತ್ತಾರೆಂದರೆ ನೋಡುಗರಿಗೆ ಹಿತವಂತೆ. ಗಿಲ್‌ಸು ತಾರೀಖು, ವಾರ್ಡು, ಹೆರಿಗೆ ಮಾಡಿಸಿದ ಸೂಲಗಿತ್ತಿಯ ಮನೆ, ಹಳೆಯ ಕಾರ್ಡುಗಳಿಗೆ ಹಾಕಿದ ಹೆಸರು, ಎಲ್ಲವನ್ನೂ ಹೇಳಿದರು. ಅತ್ತ ಕಡೆ ಕಾಗದ ಮಗುಚಿದ ಸದ್ದು ಕೇಳಿಸಿತು.

"ತಪ್ಪು ತಿಳ್ಕೋಬೇಡಿ ಯಜಮಾನ್ರೇ," ಎಂದ ತೊರಿಗೊಯೆ. "ಹಳೇ ಕಾರ್ಡೆಲ್ಲ ಕುರೊಯಾಮ ಅಂತಲೇ ಇದಾವಲ್ಲ. ಆ ಹೆಸರಲ್ಲೇ ಬಂದಿದ್ರೆ ನಾವು ಆ ಪ್ರಶ್ನೆ ಕೇಳ್ತಾನೇ ಇರ್ಲಿಲ್ಲ. ನಿಮಗೂ ತೊಂದ್ರೆ ಇರ್ತಿರ್ಲಿಲ್ಲ."

ಮ್ಯೊಂಗ್‌ಜಾ ಹೇಳಿದ್ದೂ ಅದೇ ಮಾತು. ಆದರೆ ಆಕೆ ಹೇಳಿದ್ದು ಅಂಜಿಕೆಯಿಂದ; ಈತ ಹೇಳಿದ್ದು ಉಪಕಾರ ಮಾಡುವವನಂತೆ. ಗಂಡನ ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ಆಕೆ ಒಳಗೆ ಹೋದರು. ಬರುವಾಗ ಒಂದು ಖಾಲಿ ಕಾರ್ಡು, ಸಹಿಯ ಬದಲು ಒತ್ತುವ ಎರಡು ಮೊಹರು ತಂದರು. ಒಂದು ಗಂಡನದು; ಎರಡನೆಯದು ಆಕೆಯದು, ಮದುವೆಯಲ್ಲಿ ತವರಿನವರು ಕೊಟ್ಟದ್ದು. ಬೀದಿಯಲ್ಲಿ ಯಾರೂ ನೋಡಿರದ ಆಕೆಯ ಕೊರಿಯನ್ ಹೆಸರು ಅದರಲ್ಲಿತ್ತು.

"ಸಾಕ್ಷಿ ಬೇಕಲ್ಲ," ಎಂದರು. "ಎರಡನೇ ಸಾಲಲ್ಲಿ ನಾನಿದ್ದೆ."

ಗಿಲ್‌ಸು ಬರೆದರು:

'ಅರ್ಧ ದಿನದ ಅಂಗಡಿ'ಯ ನಿರ್ಮಾಪಕರಿಗೆ, ಸಂಕಲನಕಾರರಿಗೆ ಮತ್ತು ಶ್ರೀ ತೊರಿಗೊಯೆ ಅವರಿಗೆ. ಮುಂದಿನ ಶನಿವಾರ ಅದೇ ಹೊತ್ತಿಗೆ, ಏಪ್ರಿಲ್ 23ರಂದು ನಾನು ಆಡಿದ ಮಾತನ್ನು ಕತ್ತರಿಸದೆ ತೋರಿಸಿ. ಏಳು ಮಂದಿ ಬಿದ್ದದ್ದು ನನ್ನ ಮಾತಿಗೆ. ಅವರನ್ನು ನನ್ನ ಮಾತಿನ ಹಿಂದೆಯೇ ಬೀಳಿಸಿ. ಹಳದಿ ಅಕ್ಷರ ಬೇಕೇ ಬೇಕೆಂದಾದರೆ ಹೀಗೆ ಹಾಕಿ: ಹ್ಯೊನ್ ಗಿಲ್‌ಸು, ಇಕುನೊ ವಾರ್ಡು, ಐವತ್ತು ವರ್ಷದ ನೋಡುಗ. ಇದರಲ್ಲಿ ಒಂದಕ್ಷರವನ್ನೂ ಮೊಟಕು ಮಾಡತಕ್ಕದ್ದಲ್ಲ.