ಜೇಡರಬಲೆಯ ಕೋಲೂ ನನ್ನ ಎಡಗಾಲೂ

ನನ್ನ ಮನೆಯ ಮಾಲೀಕರಾದ ಜಯಮ್ಮನವರ ಬಳಿ ಒಂದು ಉದ್ದನೆಯ ಬಿದಿರುಕೋಲಿದೆ. ಅದರ ಒಂದು ತುದಿಗೆ ಹಳೆಯ ಪೊರಕೆಯನ್ನು ಬಿಗಿಯಾಗಿ ಕಟ್ಟಿದ್ದಾರೆ. ಇನ್ನೊಂದು ತುದಿ ಬರಿದು. ಪೊರಕೆಯ ತುದಿ ಜೇಡರಬಲೆ ತೆಗೆಯುವುದಕ್ಕೆ, ಬರಿಯ ತುದಿ ನನಗೆ. ಅವರ ಮನೆಯ ಸೂರೇ ನನ್ನ ಮನೆಯ ನೆಲವಾದ್ದರಿಂದ, ಮೇಲೆ ನಾನು ಧೊಪ್ಪೆಂದು ಇಳಿದರೆ ಕೆಳಗಿನಿಂದ ಟಕ್ ಎಂದು ಉತ್ತರ ಬರುತ್ತದೆ. ಬಾಡಿಗೆದಾರರಿಗೂ ಮಾಲೀಕರಿಗೂ ನಡುವೆ ಇಷ್ಟು ನೇರವಾದ ಸಂವಾದ ನೆಲಮಂಗಲದ ಬೇರೆ ಯಾವ ಮನೆಯಲ್ಲಿಯೂ ನಡೆಯುತ್ತಿರಲಾರದು.

ಧೊಪ್ಪೆಂದು ಇಳಿಯುವುದೇಕೆ ಎಂದು ನೀವು ಕೇಳಬಹುದು. ನಾನು ಬ್ಯಾಲೆ ಕಲಿಸುವವಳು. ಹೆಬ್ಬೆರಳ ತುದಿಯ ಮೇಲೆ ನಿಲ್ಲುವ, ಹಂಸದಂತೆ ಬಿಳಿಯ ಬಟ್ಟೆ ತೊಡುವ ಆ ಪರದೇಶದ ನೃತ್ಯವೇ. ಅದರಲ್ಲಿಯೂ ನನ್ನದು ಡೇನಿಶ್ ಶೈಲಿ. ಉಳಿದ ಶೈಲಿಗಳಲ್ಲಿ ಕಾಲು ಕಿವಿಯವರೆಗೆ ಏರಿ ಚಪ್ಪಾಳೆಯನ್ನು ಅಪೇಕ್ಷಿಸಿದರೆ, ನಮ್ಮ ಶೈಲಿಯಲ್ಲಿ ತೋಳುಗಳು ತೊಡೆಯ ಬಳಿಯೇ ತಗ್ಗಿರುತ್ತವೆ, ಮುಖದಲ್ಲಿ ತರಕಾರಿ ತರಲು ಹೊರಟವರ ಪ್ರಸನ್ನತೆ ಇರುತ್ತದೆ, ಅದೇ ಸಮಯಕ್ಕೆ ಪಾದಗಳು ಗಾಳಿಯಲ್ಲಿ ಕತ್ತರಿಯಾಡಿ ಸದ್ದಿಲ್ಲದೆ ನೆಲಕ್ಕೆ ಮರಳುತ್ತವೆ. ಎಗರುವ ಮುಂಚಿನ ಸಿದ್ಧತೆ ಕಾಣಬಾರದು, ಎಗರಿದ ಮೇಲಿನ ಆಯಾಸವೂ ಕಾಣಬಾರದು. ಆಯಾಸವನ್ನು ಮರೆಮಾಚುವ ಈ ವಿದ್ಯೆಗೆ ನಾನು ತಾರುಣ್ಯವನ್ನೆಲ್ಲ ಸುರಿದೆ. ಮದುವೆಯೆಂಬ ಯುಗಳನೃತ್ಯಕ್ಕೆ ಕೈ ನೀಡುವವರು ಯಾರೂ ಬರಲಿಲ್ಲ. ಬಂದ ಒಬ್ಬಿಬ್ಬರು ನನ್ನ ಪ್ರಸನ್ನವದನವನ್ನು ಕಂಡು, ಇವಳಿಗೆ ಏನೂ ಬೇಕಾಗಿಲ್ಲವೆಂದು ತಿಳಿದು ಹೊರಟುಹೋದರು.

ನನಗೆ ಕಲಿಸಿದವರು ಬೆಂಗಳೂರು ದಂಡುಪ್ರದೇಶದ ಒಂದು ಓಣಿಯಲ್ಲಿದ್ದ ವೃದ್ಧೆ. ಯೌವನದಲ್ಲಿ ಡೆನ್ಮಾರ್ಕಿಗೆ ಹೋಗಿ ಕಲಿತು ಬಂದವರು. ಈ ಶೈಲಿಯಲ್ಲಿ ವಾರದ ಒಂದೊಂದು ದಿನಕ್ಕೂ ಒಂದೊಂದು ಗೊತ್ತಾದ ಪಾಠವಿದೆ. ಸೋಮವಾರದ್ದನ್ನು ಮಂಗಳವಾರ ಮಾಡುವಂತಿಲ್ಲ. ನೆಗೆತಗಳೇ ತುಂಬಿದ ಗುರುವಾರದ ಪಾಠ ಬಂತೆಂದರೆ ಗುರುಗಳು ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ, ನಮಗೆ ಬೆನ್ನು ಹಾಕಿ ಕೂರುತ್ತಿದ್ದರು. ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಪಾದ ಸದ್ದು ಮಾಡಿದರೆ ಕೊಡೆಯ ತುದಿಯಿಂದ ನೆಲಕ್ಕೆ ಒಮ್ಮೆ ಕುಟ್ಟುವರು, ಅಷ್ಟೆ. ಬೈಗುಳವೂ ಇಲ್ಲ, ಮೆಚ್ಚುಗೆಯೂ ಇಲ್ಲ. ಆ ಕೊಡೆಯನ್ನು ನಾವೆಲ್ಲ ಮನಸಾರೆ ಶಪಿಸುತ್ತಿದ್ದೆವು.

ಅವರು ತೀರಿಕೊಂಡರು. ಜೊತೆಗೆ ಕಲಿತವರು ದೇಶಾಂತರ ಹೋದರು, ಇಲ್ಲವೇ ಮಂಡಿನೋವಿಗೆ ಶರಣಾದರು. ನಗರದ ಬಾಡಿಗೆ ತಡೆಯಲಾರದೆ, ನಡುವೆ ಒಂದೂ ಕಂಬವಿಲ್ಲದ ಹಜಾರ ಸಿಕ್ಕಿತೆಂಬ ಒಂದೇ ಆಸೆಗೆ ನಾನು ಜಯಮ್ಮನವರ ಮಹಡಿಗೆ ಬಂದೆ. ಸಾಮಾನು ಇಳಿಸಿದ ಮಾರನೆಯ ದಿನವೇ ಅವರು ಮೆಟ್ಟಿಲೇರಿ ಬಂದು, ಸೊಂಟದ ಮೇಲೆ ಕೈಯಿಟ್ಟು ಕೇಳಿದರು: "ಏನ್ ಮೇಡಂ, ಮೇಲೆ ರಾಗಿ ಬಡೀತಿದ್ದೀರಾ?"

ಬೂದಿಗೆರೆ ಕಡೆಯ ಒಕ್ಕಲು ಮನೆಯ ಹೆಣ್ಣುಮಗಳು ಅವರು. ಬಡಿಯುವ ಸದ್ದು ಯಾವುದು, ಕುಣಿಯುವ ಸದ್ದು ಯಾವುದು ಎಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ. ಅಂದಿನಿಂದ ಕೋಲು ತಿರುಗುಮುರುಗಾಯಿತು.

ಶಿಷ್ಯರು ಬಂದರು, ಹೋದರು. ಬೊಜ್ಜು ಕರಗಲೆಂದು ಬಂದವರು ಬೊಜ್ಜಿನೊಂದಿಗೇ ಮರಳಿದರು. ಕೊನೆಯವರೆಗೆ ನಿಂತವಳು ಅರಿಶಿನಕುಂಟೆಯ ಚೈತ್ರಾ ಒಬ್ಬಳೇ. ಆ ಹುಡುಗಿಯ ಪಾದ ನೆಲವನ್ನು ಕೇಳಿಕೊಂಡು ಇಳಿಯುತ್ತಿತ್ತು. ನನ್ನ ತಪ್ಪುಗಳನ್ನೂ ಅವಳೇ ಹೇಳುತ್ತಿದ್ದಳು, "ಮೇಡಂ, ನೀವ್ ಎಗರೋ ಮುಂಚೆ ಭುಜ ಹೇಳ್ಬಿಡ್ತದೆ" ಎಂದು. ಹೋದ ವರ್ಷ ನಗರದ ದೊಡ್ಡ ತಂಡವೊಂದು ಅವಳನ್ನು ಸೇರಿಸಿಕೊಂಡಿತು. ಅಲ್ಲಿ ಕಾಲು ಕಿವಿಗೇರಬೇಕು. ಹೊರಡುವ ದಿನ ಅವಳು ಅತ್ತಳು. ನಾನು ನಮ್ಮ ಶೈಲಿಗೆ ತಕ್ಕಂತೆ ನಗುತ್ತ ಬೀಳ್ಕೊಟ್ಟೆ.

ಆಮೇಲೆ ನಾನೊಬ್ಬಳೇ. ಆದರೂ ಸೋಮವಾರಕ್ಕೆ ಸೋಮವಾರದ ಪಾಠ, ಗುರುವಾರಕ್ಕೆ ಗುರುವಾರದ್ದು. ಒಂಟಿಯಾಗಿ ಉಣ್ಣುವುದು, ಒಂಟಿಯಾಗಿ ಕಾಫಿಗೆ ಹಾಲು ಕಾಯಿಸುವುದು ನನಗೆ ಎಂದೋ ರೂಢಿಯಾಗಿತ್ತು. ರೂಢಿಯಾಗದೆ ಹೋದದ್ದು ತಪ್ಪನ್ನು ಒಂಟಿಯಾಗಿ ಮಾಡುವುದು. ಗುರುಗಳು ಕೊಟ್ಟದ್ದು ನನ್ನ ಕಾಲುಗಳಲ್ಲಿ ಹಾಗೆಯೇ ಇದೆಯೋ, ದಿನಕ್ಕಿಷ್ಟು ಸವೆಯುತ್ತಿದೆಯೋ ಹೇಳುವವರು ಈ ತಾಲ್ಲೂಕಿನಲ್ಲಿ ಯಾರೂ ಇರಲಿಲ್ಲ. ಕನ್ನಡಿ ದಾಕ್ಷಿಣ್ಯದ ವಸ್ತು. ಮೊಬೈಲಿನಲ್ಲಿ ಚಿತ್ರೀಕರಿಸಿ ನೋಡಿದರೆ ಹೆದ್ದಾರಿಯ ಲಾರಿಗಳ ಸದ್ದಿನಲ್ಲಿ ನನ್ನ ಪಾದದ ಸದ್ದು ಅಡಗಿಹೋಗುತ್ತಿತ್ತು. ಸವೆದರೂ ಯಾರಿಗೂ ತಿಳಿಯದು ಎಂಬ ಯೋಚನೆ ಬಂದಾಗ ನನಗೆ ನಿಜವಾಗಿ ಭಯವಾಗುತ್ತಿತ್ತು.

ಹೀಗಿರುವಾಗ ಒಂದು ಅದ್ಭುತ ನಡೆಯಿತು. ಕೋಲಿನ ಸದ್ದು ನಿಂತಿತು. ಒಂದು ಗುರುವಾರ ಕಳೆಯಿತು, ಮತ್ತೊಂದು ಕಳೆಯಿತು, ಟಕ್ ಎಂಬುದಿಲ್ಲ. ಜಯಮ್ಮನವರು ಊರಲ್ಲೇ ಇದ್ದರು. ಅವರ ಕುಕ್ಕರಿನ ಕೂಗು ಕೇಳುತ್ತಿತ್ತು. ಹಾಗಾದರೆ ಅರ್ಥ ಒಂದೇ. ಐವತ್ತು ದಾಟಿದ ಮೇಲೆ, ನೋಡುವವರಿಲ್ಲದ ಈ ಮಹಡಿಯಲ್ಲಿ, ನನ್ನ ಪಾದಗಳಿಗೆ ಸಿದ್ಧಿ ಒಲಿದಿತ್ತು! ವಾರಗಟ್ಟಲೆ ನಾನು ನೆಲದಿಂದ ಒಂದು ಗೇಣು ಮೇಲೆಯೇ ಓಡಾಡಿದೆ. ಕೊನೆಗೆ ಈ ಸಂತೋಷವನ್ನು ಯಾರಿಗಾದರೂ ಹೇಳದಿದ್ದರೆ ಆಗದೆಂದು, ಮೈಸೂರು ಪಾಕು ಕಟ್ಟಿಸಿಕೊಂಡು ಕೆಳಗಿಳಿದೆ.

"ಈಗ ಮೇಲಿಂದ ಸದ್ದೇ ಬರಲ್ಲ ಅಲ್ವಾ ಜಯಮ್ಮ?" ಎಂದೆ, ವಿನಯವನ್ನು ನಟಿಸುತ್ತ.

ಅವರು ಸಿಹಿಯನ್ನು ಅರ್ಧ ಕಚ್ಚಿ ನಿಲ್ಲಿಸಿದರು. "ಬರ್ದೇ ಏನು! ನಿನ್ನೆ ಸೀಲಿಂಗಿಂದ ಸುಣ್ಣ ಉದುರಿ ಸಾರಿನ ಪಾತ್ರೆಗೇ ಬಿತ್ತು. ಆ ಹುಡ್ಗಿ ಹೋದ್ಮೇಲೆ ಒಬ್ರೇ ಕುಣೀತಿರ್ತೀರಲ್ಲ, ಪಾಪ, ನಾನೂ ಕುಟ್ಟಿ ಯಾಕ್ ನೋಯಿಸ್ಲಿ ಅಂತ ಸುಮ್ನಿದ್ಬಿಟ್ಟೆ ಕಣಮ್ಮ."

ಅದುವರೆಗೆ ಮೇಡಂ ಆಗಿದ್ದ ನಾನು ಅಂದು ಮೊದಲ ಬಾರಿಗೆ ಅಮ್ಮನಾದೆ. ಮುಖದ ಪ್ರಸನ್ನತೆ ಕೈಕೊಟ್ಟಿತು. ನಾಲ್ಕು ದಶಕ ಕಾಪಾಡಿಕೊಂಡು ಬಂದ ಶೈಲಿ ಜಯಮ್ಮನವರ ಅಡುಗೆಮನೆಯ ಕಟ್ಟೆಯ ಮುಂದೆ ಕುಸಿಯಿತು, ನಾನು ಅತ್ತುಬಿಟ್ಟೆ. ಸದ್ದು ಇತ್ತೆಂದು ಅತ್ತೆನೋ, ಅದನ್ನು ಕೇಳಿಯೂ ಒಬ್ಬರು ಸುಮ್ಮನಿದ್ದರೆಂದು ಅತ್ತೆನೋ, ನನಗೇ ಬಗೆಹರಿಯಲಿಲ್ಲ. ಅವರು ಗಾಬರಿಯಾಗಿ, "ಅಯ್ಯೋ, ಸುಣ್ಣ ಹೋದ್ರೆ ಹೋಗ್ಲಿ ಬಿಡಿ, ಹೊಡೆಸ್ತೀನಿ" ಎಂದು ಸೆರಗಿನಿಂದ ನನ್ನ ಕಣ್ಣೊರೆಸಿದರು.

"ಸುಣ್ಣ ಅಲ್ಲ ಜಯಮ್ಮ. ನೀವು ಕುಟ್ಟಬೇಕು. ಕೇಳಿಸಿದಾಗಲೆಲ್ಲ ಕುಟ್ಟಿ."

"ಆಮೇಲೆ ಬೇಜಾರ್ ಮಾಡ್ಕೋಬಾರ್ದು."

"ಕುಟ್ಟದಿದ್ದರೆ ಮಾಡ್ಕೋತೀನಿ" ಎಂದೆ. ಈ ಹೆಂಗಸಿಗೆ ಏನೋ ಆಗಿದೆ ಎಂಬಂತೆ ಅವರು ನನ್ನನ್ನು ನೋಡಿ, ಮೈಸೂರು ಪಾಕಿನ ಉಳಿದರ್ಧ ತಿಂದರು.

ಮುಂದಿನ ಗುರುವಾರ ಬಂತು. ಸಂಗೀತ ಹಚ್ಚಿ, ತೋಳುಗಳನ್ನು ತಗ್ಗಿಸಿ, ಯಾವ ಸಿದ್ಧತೆಯೂ ಇಲ್ಲದವಳಂತೆ ಎಗರಿದೆ. ಬಲಗಾಲಲ್ಲಿ ಇಳಿದೆ: ಮೌನ. ಎಡಗಾಲಲ್ಲಿ ಇಳಿದೆ: ಟಕ್. ಮತ್ತೆ ಬಲ, ಮೌನ. ಮತ್ತೆ ಎಡ, ಟಕ್. ಸವೆದಿರುವುದು ಎಡಗಾಲು ಮಾತ್ರ ಎಂದು ಆಗ ತಿಳಿಯಿತು. ಸಂಗೀತ ನಿಲ್ಲಿಸಿ ಎಡಪಾದವನ್ನು ಕೈಯಲ್ಲಿ ಹಿಡಿದು ನೋಡಿದೆ. 

ಕೆಳಗಿನಿಂದ ಜಯಮ್ಮನವರ ದನಿ ಕೇಳಿತು: "ಯಾಕ್ ನಿಲ್ಲಿಸ್ಬಿಟ್ರಿ? ನಾನ್ ಕೋಲ್ ಹಿಡ್ಕೊಂಡೇ ನಿಂತಿದೀನಿ!"

ನಾನು ಮೊದಲಿನಿಂದ ಶುರು ಮಾಡಿದೆ.