ಮುಪ್ಪಾಗದ ಅಯಸ್ಕಾಂತ

ವಿಮಾನದ ಜನರೇಟರ್‌ಗಳನ್ನು ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಅವಳನ್ನು ಎಲ್ಲರೂ ‘ಸೊನ್ನೆಯಮ್ಮ’ ಎನ್ನುತ್ತಿದ್ದರು. ಅಳತೆ ಬರೆಯುವಾಗ ಚುಕ್ಕೆಯ ಮುಂದಿನ ಸೊನ್ನೆಯನ್ನೂ ಬಿಡುತ್ತಿರಲಿಲ್ಲ. ಹತ್ತೊಂಬತ್ತು ವರ್ಷದಿಂದ ಅವಳದು ಒಂದೇ ಕೆಲಸ: ಜನರೇಟರಿನೊಳಗಿನ ಪುಟ್ಟ ಅಯಸ್ಕಾಂತದ ಚಕ್ರವನ್ನು ಪರೀಕ್ಷೆಯ ಬೆಂಚಿಗೆ ಕಟ್ಟಿ, ನಿಗದಿತ ವೇಗದಲ್ಲಿ ತಿರುಗಿಸಿ, ಎಷ್ಟು ವೋಲ್ಟ್ ಹುಟ್ಟಿತೆಂದು ಬರೆದು ಸಹಿ ಹಾಕುವುದು. ಆ ಚಕ್ರ ಸೋತರೆ ಜನರೇಟರ್ ಎಚ್ಚರಗೊಳ್ಳುವುದೇ ಇಲ್ಲ. ಕೆಲಸ ಕೊಡಿಸಿದವನು ಅಕ್ಕನ ಗಂಡ. ವಿಭಾಗಕ್ಕೆ ಅವನೇ ಮೇಲ್ವಿಚಾರಕ.

ಒಂದು ದಿನ, ಹಾರಾಟದ ನಡುವೆ ಕೈಕೊಟ್ಟ ಜನರೇಟರೊಂದು ಬಂತು. ಇನ್ನೊಂದು ಜನರೇಟರಿನ ದಯೆಯಿಂದ ವಿಮಾನ ಕ್ಷೇಮವಾಗಿ ಇಳಿದಿತ್ತು. ಹಳೆಯ ಕಡತ ತೆಗೆದು ನೋಡಿದಳು. ಹದಿನಾರು ವರ್ಷದಲ್ಲಿ ಐದು ಸಲ ಬಂದಿತ್ತು. ಐದು ಸಲವೂ ಮೂವತ್ತೊಂದು ವೋಲ್ಟ್. ಐದೂ ಅವಳದೇ ಅಕ್ಷರ.

ಬಿಸಿಯಲ್ಲಿ ಬೆಂದು ಬೆಂದು ಅಯಸ್ಕಾಂತ ವರ್ಷದಿಂದ ವರ್ಷಕ್ಕೆ ಚೂರಾದರೂ ಬಲಗುಂದಬೇಕು. ಇದಕ್ಕೆ ಮುಪ್ಪೇ ಬಂದಿರಲಿಲ್ಲ! ಪಕ್ಕದ ವಿಭಾಗದಿಂದ ವೇಗ ಅಳೆಯುವ ಮೀಟರ್ ತಂದು ಬೆಂಚಿಗೆ ಹಿಡಿದಳು. ಬೆಂಚಿನ ವೇಗದ ಮುಳ್ಳು ನಿಮಿಷಕ್ಕೆ ಎಂಟು ಸಾವಿರ ಸುತ್ತು ಎನ್ನುತ್ತಿತ್ತು. ನಿಜವಾಗಿ ಎಂಟು ಸಾವಿರದ ಒಂಬೈನೂರು. ಅಷ್ಟು ವೇಗಕ್ಕೆ ಸೋತ ಅಯಸ್ಕಾಂತವೂ ಪೂರ್ತಿ ವೋಲ್ಟ್ ಕೊಡುತ್ತದೆ.

“ಭಾವ, ಈ ಮುಳ್ಳನ್ನ ತಿರುಚಿದ್ದು ಯಾರು?”

ಅವನು ಹಲ್ಲುಕಡ್ಡಿ ಆಡಿಸುತ್ತಲೇ ಇದ್ದ. “ನಾನೇ. ಎರಡ್ಮೂರು ವರ್ಷಕ್ಕೊಂದ್ಸಲ ಚೂರು ಒತ್ತಿದೀನಿ. ಎಲ್ಲಾ ನಪಾಸು ಮಾಡ್ತಾ ಕೂತ್ರೆ ವಿಮಾನ ತಿಂಗಳುಗಟ್ಟಲೆ ನಿಲ್ಲತ್ತೆ. ಬೈಸ್ಕೊಳ್ಳೋನು ನಾನು.”

“ಸಹಿ ನಂದು.”

“ಅದಕ್ಕೇ ಅಲ್ವಾ ಯಾರೂ ಅನುಮಾನ ಪಡ್ಲಿಲ್ಲ?” ಎಂದು ನಕ್ಕ.

ಅವಳಿಗೆ ಉಗಿಯಬೇಕೆನಿಸಿತು. ಅವನ ಮುಖಕ್ಕೋ, ತನ್ನ ಸಹಿಗೋ ತಿಳಿಯಲಿಲ್ಲ. ಕಡತಗಳನ್ನು ಕಂಕುಳಲ್ಲಿ ಇರುಕಿಕೊಂಡು ನೇರ ತಪಾಸಣಾಧಿಕಾರಿಯ ಕೋಣೆಗೆ ನಡೆದಳು.

ಮೂವತ್ತೇಳು ಜನರೇಟರ್‌ಗಳನ್ನು ವಾಪಸು ಕರೆಸಿದರು. ಹದಿನಾಲ್ಕರ ಅಯಸ್ಕಾಂತ ಕೆಲಸಕ್ಕೆ ಬಾರದಷ್ಟು ಸೋತಿತ್ತು. ಭಾವನನ್ನು ಮನೆಗೆ ಕಳಿಸಿದರು. ಅವಳ ಸಹಿಯ ಅಧಿಕಾರವನ್ನೂ ಆರು ತಿಂಗಳು ಕಿತ್ತುಕೊಂಡರು. ಅವಳು ಎದುರಾಡಲಿಲ್ಲ. ಇಷ್ಟು ವರ್ಷ ಒಂದು ಸಲವೂ ಬೆಂಚನ್ನು ಅನುಮಾನಿಸಲಿಲ್ಲವಲ್ಲ ಎಂದು ತನ್ನ ಮೇಲೇ ಹೇಸಿಗೆಯಾಗಿತ್ತು.

ಒಂದು ಭಾನುವಾರ ಅಕ್ಕ ಊಟಕ್ಕೆ ಕರೆದಳು. ಭಾವ ತಟ್ಟೆಯ ಮುಂದೆ ಕೂತು, “ಒಂದು ವಿಮಾನನಾದ್ರೂ ಬಿತ್ತಾ? ಸುಮ್ನೆ ಮನೆ ಮುರಿದ್ಲು” ಎಂದ.

ಅಕ್ಕ ತಲೆ ಎತ್ತದೆ ಬಡಿಸುತ್ತಿದ್ದಳು. “ಮೊದಲು ನಂಗೊಂದು ಮಾತು ಹೇಳ್ಬಾರದಿತ್ತೇನೇ?”

“ಹೇಳಿದ್ರೆ ಬೇಡ ಅಂತಿದ್ದೆ, ಅಕ್ಕ. ನಾನು ನಿನ್ನ ಮಾತು ಕೇಳ್ಬಿಡ್ತಿದ್ದೆ.”

ತಟ್ಟೆ ಸರಿಸಿದಳು. ಎದ್ದು ಕೈತೊಳೆದಳು. ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಅಕ್ಕನೇ ತಿಂಗಳಿಗೊಮ್ಮೆ ಗಂಡನಿಗೆ ತಿಳಿಯದಂತೆ ಬಂದುಹೋಗುತ್ತಾಳೆ.